ಮನೆ ಮಾರುವ ಮುನ್ನ ಸಣ್ಣ ರಿಪೇರಿಗಳು: ಯಾವುದು ಮೊದಲು, ಯಾವುದು ಕೊನೆಗೆ, ಹೇಗೆ

ಮನೆ ನೋಡಲು ಬಂದವರು ಅಡಿಪಾಯ ಅಗೆದು ನೋಡುವುದಿಲ್ಲ. ಬಾಗಿಲಿನ ಹಿಡಿಕೆ ಹಿಡಿಯುತ್ತಾರೆ, ಸ್ವಿಚ್ ಒತ್ತುತ್ತಾರೆ, ಬಚ್ಚಲಿನ ನಲ್ಲಿ ತಿರುಗಿಸುತ್ತಾರೆ, ಕಿಟಕಿ ಪಕ್ಕದ ಗೋಡೆಯ ಮೇಲೆ ಕೈಯಾಡಿಸುತ್ತಾರೆ. ಹಿಡಿಕೆ ಲೊಟಲೊಟ ಅಂದರೆ, ಮುಚ್ಚಿದ ನಲ್ಲಿ ತೊಟ್ಟಿಕ್ಕುತ್ತಲೇ ಇದ್ದರೆ, ಕಣ್ಣೆದುರಿಗಿರುವುದನ್ನೇ ಹೀಗೆ ಬಿಟ್ಟವರು ಗೋಡೆಯೊಳಗಿನ ಪೈಪು, ವೈರುಗಳನ್ನು ಹೇಗೆ ಇಟ್ಟಿದ್ದಾರೋ ಎಂಬ ಅನುಮಾನ ಹುಟ್ಟುತ್ತದೆ. ಒಂದು ವಾಷರಿನ ಕೆಲಸಕ್ಕೆ ಬೆಲೆಯಲ್ಲಿ ಕಡಿತವಾಗುವುದು ಆ ಅನುಮಾನದಿಂದಲೇ.

ಮನೆಯನ್ನು ಹೊಸದಾಗಿಸುವ ವಿಚಾರ ಇಲ್ಲಿಲ್ಲ. ಅಡುಗೆಮನೆ ಕಿತ್ತು ಹೊಸದು ಹಾಕಿಸುವುದು, ನೆಲ ಬದಲಾಯಿಸುವುದು ಮಾರುವವರಿಗೆ ಸಾಮಾನ್ಯವಾಗಿ ದಕ್ಕುವ ಖರ್ಚಲ್ಲ. ಕೊಳ್ಳುವವರು ತಮ್ಮ ಇಷ್ಟದಂತೆ ಅದನ್ನೂ ಕಿತ್ತು ಹಾಕಬಹುದು. ಇರುವುದು ಸರಿಯಾಗಿ ಕೆಲಸ ಮಾಡಬೇಕು, ಚೊಕ್ಕಟವಾಗಿ ಕಾಣಬೇಕು, ಅಷ್ಟು ಸಾಕು. ಆದರೆ ಈ ಅಷ್ಟರಲ್ಲೇ ಬಹಳ ಮಂದಿ ಎಡವುತ್ತಾರೆ, ಅದೂ ಕ್ರಮ ತಪ್ಪಿ. ಮೊದಲು ಬಣ್ಣ ಹೊಡೆಸಿ, ಮರುವಾರ ಪೈಪ್ ಸೋರುತ್ತಿದೆಯೆಂದು ಅದೇ ಗೋಡೆ ಒಡೆಸುತ್ತಾರೆ. ನೀರಿನ ಕೆಲಸ ಮೊದಲು, ಗಾರೆ ಕೆಲಸ ಆಮೇಲೆ, ನಂತರ ಮರ ಮತ್ತು ಕಬ್ಬಿಣ, ಅದಾದ ಮೇಲೆ ಗೋಡೆಯ ಬಣ್ಣ, ಕಟ್ಟಕಡೆಗೆ ಸಿಂಕಿನ ಅಂಚಿನ ಸಂದು ಮುಚ್ಚುವ ಸಿಲಿಕೋನ್ ಮತ್ತು ಸ್ವಿಚ್ ಪ್ಲೇಟುಗಳು. ಇದಕ್ಕೆಲ್ಲ ಐದಾರು ವಾರ ಬೇಕು. ಅದರಲ್ಲಿ ಹೆಚ್ಚಿನ ಪಾಲು ಕಾಯುವುದರಲ್ಲೇ ಹೋಗುತ್ತದೆ, ಏಕೆಂದರೆ ಹಸಿ ಗೋಡೆ ಯಾರ ಅವಸರಕ್ಕೂ ಒಣಗುವುದಿಲ್ಲ.

ಪಟ್ಟಿ ಮಾಡುವುದು

ಮನೆಯನ್ನು ಎರಡು ಸಲ ಸುತ್ತಿ. ಹಗಲಲ್ಲಿ ಒಮ್ಮೆ, ಎಲ್ಲ ಕಿಟಕಿ ತೆರೆದು. ರಾತ್ರಿ ಇನ್ನೊಮ್ಮೆ, ದೀಪ ಆರಿಸಿ, ಟಾರ್ಚನ್ನು ಗೋಡೆಗೆ ತಾಗುವಷ್ಟು ಹತ್ತಿರ ಅಡ್ಡಡ್ಡ ಹಿಡಿದು. ಹೀಗೆ ಓರೆಯಾಗಿ ಬಿದ್ದ ಬೆಳಕಿನಲ್ಲಿ ಗೋಡೆಯ ಉಬ್ಬು, ತಗ್ಗು, ಹಳೆಯ ತೇಪೆ, ಕೂದಲೆಳೆಯ ಬಿರುಕು ಎಲ್ಲವೂ ನೆರಳು ಚೆಲ್ಲಿ ಎದ್ದು ಕಾಣುತ್ತವೆ. ಸಂಜೆ ಬಿಸಿಲು ಕಿಟಕಿಯಿಂದ ಒಳಬಂದಾಗ ನೋಡುವವರಿಗೂ ಅವು ಹಾಗೆಯೇ ಕಾಣುತ್ತವೆ.

ಕಂಡ ಪ್ರತಿ ದೋಷದ ಪಕ್ಕ ಮಾಸ್ಕಿಂಗ್ ಟೇಪಿನ ಒಂದು ತುಂಡು ಅಂಟಿಸಿ, ನೀರು, ಗಾರೆ, ಮರ, ಕರೆಂಟ್ ಎಂದು ಅದರ ಮೇಲೆ ಬರೆಯಿರಿ. ಪ್ರತಿ ಬಾಗಿಲು, ಪ್ರತಿ ಡ್ರಾಯರ್, ಪ್ರತಿ ಚಿಲಕವನ್ನು ಒಮ್ಮೆ ತೆಗೆದು ಹಾಕಿ ನೋಡಿ. ಈ ಕೆಲಸಕ್ಕೆ ಆ ಮನೆಯಲ್ಲಿ ವಾಸವಿಲ್ಲದ ಒಬ್ಬರನ್ನು ಜೊತೆಗೆ ಕರೆದುಕೊಳ್ಳುವುದು ಒಳ್ಳೆಯದು. ಹತ್ತು ವರ್ಷದಿಂದ ಸೊಂಟದಿಂದ ನೂಕಿ ಬಾಗಿಲು ಹಾಕುವವರಿಗೆ ಆ ಬಾಗಿಲು ಕೆಟ್ಟಿದೆ ಎಂಬುದೇ ಮರೆತಿರುತ್ತದೆ.

ನೀರು: ಎಲ್ಲಿಂದ ಬರುತ್ತಿದೆ ಎಂದು ತಿಳಿಯದೆ ಗೋಡೆ ಮುಟ್ಟಬೇಡಿ

ಗೋಡೆಯ ಮೇಲಿನ ತೇವ ಎಲ್ಲಿಂದ ಬಂದದ್ದು ಎಂಬುದನ್ನು ಅದರ ಆಕಾರವೇ ಬಹುಮಟ್ಟಿಗೆ ಹೇಳುತ್ತದೆ. ನೆಲದಿಂದ ಮಂಡಿಯವರೆಗೋ ಸೊಂಟದವರೆಗೋ ಉದ್ದಕ್ಕೆ ಏರಿದ ಪಟ್ಟಿಯಾದರೆ ನೆಲದ ತೇವ ಗೋಡೆ ಹೀರುತ್ತಿದೆ. ಬಚ್ಚಲಿನ ಹಿಂಬದಿಯ ಗೋಡೆಯಲ್ಲಾದರೆ ಟೈಲ್ಸ್ ಸಂದು ಅಥವಾ ಒಳಗಿನ ಪೈಪಿನ ಮೇಲೆ ಅನುಮಾನ. ಸೂರಿನಲ್ಲಿ ಅಂಚು ಕಂದಾದ ದುಂಡು ಕಲೆಯಾದರೆ ಮೇಲಿನ ತಾರಸಿ ಅಥವಾ ಮೇಲ್ಮಹಡಿಯ ಬಚ್ಚಲು. ಕಿಟಕಿಯ ಕೆಳಮೂಲೆಯಲ್ಲಿ ಮಾತ್ರವಾದರೆ ಚೌಕಟ್ಟು ಮತ್ತು ಗೋಡೆಯ ನಡುವಿನ ಸಂದು.

ಗೋಡೆಯೊಳಗಿನ ನೀರೋ, ಕೋಣೆಯ ಗಾಳಿಯ ತೇವವೋ ಎಂಬ ಗೊಂದಲವಿದ್ದರೆ ಸುಲಭ ಪರೀಕ್ಷೆ ಇದೆ. ಸುಮಾರು 45 ಸೆಂಟಿಮೀಟರ್ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಅಂಚನ್ನು ಟೇಪಿನಿಂದ ಗಾಳಿಯಾಡದಂತೆ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದ್ದರೆ ನೀರು ಗೋಡೆಯಿಂದ ಬರುತ್ತಿದೆ. ಹೊರಮೈಯಲ್ಲಿ ಹನಿ ಇದ್ದರೆ ಅದು ಕೋಣೆಯ ಗಾಳಿಯದು. ಕಿಟಕಿ ತೆರೆದಿಡುವುದು, ಎಕ್ಸಾಸ್ಟ್ ಫ್ಯಾನ್ ಹಾಕುವುದು ಅದಕ್ಕೆ ಪರಿಹಾರ.

ಕಾಣದ ಪೈಪ್ ಸೋರಿಕೆಗೆ ನೀರಿನ ಮೀಟರ್ ನೋಡಿ. ಮನೆಯ ಎಲ್ಲ ನಲ್ಲಿ ಮುಚ್ಚಿ ಅಂಕಿ ಬರೆದಿಟ್ಟುಕೊಂಡು, ಎರಡು ಗಂಟೆ ನೀರು ಬಳಸದೆ ಮತ್ತೆ ಓದಿ. ಮುಂದೆ ಹೋಗಿದ್ದರೆ ಎಲ್ಲೋ ಸೋರುತ್ತಿದೆ. ತಾರಸಿಯ ಮೇಲೆ ಟ್ಯಾಂಕ್ ಇದ್ದರೆ ಅದಕ್ಕೆ ನೀರು ಬರುವ ವಾಲ್ವ್ ಮುಚ್ಚಿ ನೋಡಿ, ಮೀಟರಿನಿಂದ ಟ್ಯಾಂಕಿನವರೆಗಿನದು ಮಾತ್ರ ಹೀಗೆ ತಿಳಿಯುತ್ತದೆ. ಟ್ಯಾಂಕಿನಿಂದ ಕೆಳಗಿನದಕ್ಕೆ ರಾತ್ರಿ ಟ್ಯಾಂಕಿಗೆ ನೀರು ಬರುವ ವಾಲ್ವ್ ಮುಚ್ಚಿ, ನೀರಿನ ಮಟ್ಟಕ್ಕೆ ಗುರುತು ಹಾಕಿ ಬೆಳಗ್ಗೆ ನೋಡಿ. ಇಳಿದಿದ್ದರೆ ಪ್ಲಂಬರನ್ನು ಕರೆಯಿರಿ. ಈ ಒಂದು ಕೆಲಸ ಮುಗಿಯದೆ ಬೇರೆ ಯಾವ ಕೆಲಸಕ್ಕೂ ದುಡ್ಡು ಹಾಕಬೇಡಿ.

ನಲ್ಲಿ ತೊಟ್ಟಿಕ್ಕುವುದು ಸ್ವಂತ ಕೈಯಿಂದಲೇ ಆಗುವ ಕೆಲಸ. ಆ ನಲ್ಲಿಗೆ ಬರುವ ವಾಲ್ವ್ ಮುಚ್ಚಿ, ನಲ್ಲಿ ತಿರುಗಿಸಿ ಉಳಿದ ನೀರು ಹರಿಯಬಿಡಿ. ಸಿಂಕಿನ ತೂತಿಗೆ ಬಟ್ಟೆ ತುರುಕಿ, ಇಲ್ಲದಿದ್ದರೆ ಸಣ್ಣ ಸ್ಕ್ರೂ ಅದರೊಳಗೆ ಹೋಗುವುದು ಖಂಡಿತ. ಹಲವು ಸುತ್ತು ತಿರುಗುವ ಹಳೆಯ ಮಾದರಿಯಾದರೆ ಒಳಗೆ ರಬ್ಬರ್ ವಾಷರ್ ಇರುತ್ತದೆ. ಅದು ಗಟ್ಟಿಯಾಗಿ ಗೆರೆ ಬಿದ್ದಿದ್ದರೆ ಬದಲಿಸಿ. ಹೊಸ ವಾಷರ್ ಹಾಕಿದ ಮೇಲೂ ತೊಟ್ಟಿಕ್ಕಿದರೆ ವಾಷರ್ ಕೂರುವ ಲೋಹದ ಅಂಚೇ ಸವೆದಿದೆ. ಇನ್ನೂ ಬಿಗಿಯಾಗಿ ತಿರುಗಿಸಿದಷ್ಟೂ ವಾಷರ್ ಹಾಳಾಗುತ್ತದೆಯೇ ಹೊರತು ನೀರು ನಿಲ್ಲುವುದಿಲ್ಲ, ನಲ್ಲಿಯನ್ನೇ ಬದಲಿಸಿ. ಕಾಲು ಸುತ್ತಿಗೆ ತೆರೆಯುವ ನಲ್ಲಿಯಲ್ಲಿ ಸೆರಾಮಿಕ್ ಕಾರ್ಟ್ರಿಡ್ಜ್ ಇರುತ್ತದೆ. ಅಂಗಡಿಗೆ ಹಳೆಯ ಕಾರ್ಟ್ರಿಡ್ಜನ್ನೇ ಒಯ್ಯಿರಿ. ನೋಡಲು ಒಂದೇ ಥರ ಇದ್ದರೂ ಹಿಡಿಕೆ ಕೂರುವ ಹಲ್ಲುಗಳ ಸಂಖ್ಯೆ ಬೇರೆ ಬೇರೆ ಇರುತ್ತದೆ. 20 ಹಲ್ಲಿನದಕ್ಕೆ 24 ಹಲ್ಲಿನ ಹಿಡಿಕೆ ಕೂರುವುದಿಲ್ಲ.

ನಲ್ಲಿಯನ್ನು ಮತ್ತೆ ಕೂರಿಸುವಾಗ ತಿರುಪು ಗೆರೆಗಳಿರುವ ತುದಿ ನಿಮ್ಮ ಕಡೆಗಿರುವಂತೆ ನಲ್ಲಿಯನ್ನು ಹಿಡಿದು, ಆ ಗೆರೆಗಳ ಮೇಲೆ ಟೆಫ್ಲಾನ್ ಟೇಪನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಆರೇಳು ಸುತ್ತು ಸುತ್ತಿ. ವಿರುದ್ಧ ದಿಕ್ಕಿಗೆ ಸುತ್ತಿದರೆ ಬಿಗಿಯುವಾಗ ಟೇಪ್ ಬಿಚ್ಚಿ ಹೊರಗೆ ಬರುತ್ತದೆ. ನೀರು ಸಣ್ಣಗೆ ಬರುತ್ತಿದ್ದರೆ ನಲ್ಲಿಯ ಬಾಯಿಯಲ್ಲಿರುವ ಜಾಲರಿ ಬಿಚ್ಚಿ ಒಂದು ಗಂಟೆ ವಿನೆಗರ್‌ನಲ್ಲಿ ನೆನೆಹಾಕಿ, ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಶವರಿನ ತಲೆಗೂ ಇದೇ ಉಪಾಯ: ಬಿಚ್ಚಲು ಬಾರದಿದ್ದರೆ ವಿನೆಗರ್ ತುಂಬಿದ ಪ್ಲಾಸ್ಟಿಕ್ ಚೀಲವನ್ನು ಅದಕ್ಕೇ ಕಟ್ಟಿಬಿಡಿ.

ಫ್ಲಶ್ ಟ್ಯಾಂಕ್ ಸದ್ದಿಲ್ಲದೆ ಸೋರುವುದನ್ನು ಕಂಡುಹಿಡಿಯಲು ಟ್ಯಾಂಕಿನ ನೀರಿಗೆ ಅಡುಗೆಗೆ ಬಳಸುವ ಬಣ್ಣದ ನಾಲ್ಕೈದು ಹನಿ ಹಾಕಿ, ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಿ. ಕಮೋಡಿನೊಳಗೆ ಬಣ್ಣ ಇಳಿದಿದ್ದರೆ ತಳದ ರಬ್ಬರ್ ಬದಲಿಸಬೇಕು. ಕಮೋಡಿನ ಒಳಗೋಡೆಯ ಕಂದು ಗೆರೆಗೂ ಈ ನಿರಂತರ ಸೋರಿಕೆಯೇ ಸಾಮಾನ್ಯ ಕಾರಣ. ಗೆರೆಯನ್ನು ಮಾತ್ರ ತೊಳೆದರೆ ಎರಡು ವಾರದಲ್ಲಿ ಮರಳುತ್ತದೆ.

ಬಿರುಕು ಮತ್ತು ಗಾರೆ

ಎಲ್ಲ ಬಿರುಕಿಗೂ ಪುಟ್ಟಿ ಮದ್ದಲ್ಲ. ಜೇಡರ ಬಲೆಯಂತೆ ಹರಡಿದ ಕೂದಲೆಳೆಯ ಬಿರುಕುಗಳು ಗಾರೆ ಒಣಗುವಾಗ ಕುಗ್ಗಿ ಆದವು. ತುಂಬಿ ಬಣ್ಣ ಹೊಡೆದರೆ ಮುಗಿಯಿತು. ಇಟ್ಟಿಗೆ ಗೋಡೆ ಕಾಂಕ್ರೀಟ್ ಕಂಬಕ್ಕೋ ತೊಲೆಗೋ ಸೇರುವಲ್ಲಿ ನೇರವಾಗಿ ಓಡುವ ಬಿರುಕಿಗೆ ಕಾರಣ ಬೇರೆ. ಬಿಸಿಲಿಗೆ ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ, ಹಾಗಾಗಿ ಬರೀ ಪುಟ್ಟಿ ತುಂಬಿದರೆ ಮುಂದಿನ ಬೇಸಿಗೆಗೆ ಅಲ್ಲೇ ಮತ್ತೆ ಬಿಡುತ್ತದೆ. ಅಲ್ಲಿ ಫೈಬರ್ ಜಾಲರಿ ಪಟ್ಟಿ ಬೇಕು.

ಕಿಟಕಿ, ಬಾಗಿಲಿನ ಮೂಲೆಯಿಂದ ಓರೆಯಾಗಿ ಹೊರಟು ಒಂದು ತುದಿಯಲ್ಲಿ ಅಗಲವಾಗುತ್ತ ಹೋಗುವ ಬಿರುಕು, ಇಟ್ಟಿಗೆ ಸಾಲಿನಲ್ಲಿ ಮೆಟ್ಟಿಲಿನಂತೆ ಇಳಿಯುವ ಬಿರುಕು, ಗೋಡೆಯ ಎರಡೂ ಬದಿಗೆ ಕಾಣುವಂಥದ್ದು, 5 ಮಿಲಿಮೀಟರಿಗಿಂತ ಅಗಲದ್ದು ಇವನ್ನು ಮುಚ್ಚಬಾರದು. ಎರಡು ತುದಿಗೂ ಪೆನ್ಸಿಲ್ ಗೆರೆ ಎಳೆದು ದಿನಾಂಕ ಬರೆದು, ಸ್ಟ್ರಕ್ಚರಲ್ ಎಂಜಿನಿಯರಿಗೆ ತೋರಿಸಿ, ಅವರು ಬರೆದುಕೊಟ್ಟದ್ದನ್ನು ಕೊಳ್ಳುವವರ ಮುಂದೆ ಇಡಿ. ಇಂಥ ಬಿರುಕಿನ ಮೇಲೆ ಪುಟ್ಟಿ ಎಳೆಯುವುದು ಮೋಸ. ಮೊದಲ ಮಳೆಗಾಲಕ್ಕೇ ಅದು ಬಯಲಾಗುವುದೂ ಅಷ್ಟೇ ಖಚಿತ.

ಗೋಡೆಯ ಮೇಲೆ ಬಿಳಿ ಪುಡಿಯಂತೆ ಉಪ್ಪು ಒಡೆದಿದ್ದರೆ, ತೇವದ ಮೂಲ ಸರಿಪಡಿಸಿ ಗೋಡೆ ಒಣಗಿದ ಮೇಲೆ, ಒಣ ಬ್ರಷ್‌ನಿಂದ ಉಜ್ಜಿ ಪುಡಿಯನ್ನು ಗುಡಿಸಿ ಹೊರಹಾಕಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಗಾರೆಯೊಳಕ್ಕೇ ಇಳಿಯುತ್ತದೆ. ಒಂದು ವಾರ ಬಿಟ್ಟು ಮತ್ತೆ ಪುಡಿ ಬಂದರೆ ಮತ್ತೆ ಉಜ್ಜಿ. ಬೂಷ್ಟು ಕಪ್ಪಾಗಿ ಹಿಡಿದಿರುವಲ್ಲಿ ಮಾಸ್ಕ್, ಕೈಗವಸು ಹಾಕಿಕೊಂಡು, ಕಿಟಕಿ ತೆರೆದು, ಸೋಪಿನ ನೀರಿನಿಂದ ಉಜ್ಜಿ ತೊಳೆದು ಪೂರ್ತಿ ಒಣಗಿಸಿ. ಬ್ಲೀಚ್ ಬಳಸುವುದಾದರೆ ಅದರೊಂದಿಗೆ ಆಸಿಡ್, ಟಾಯ್ಲೆಟ್ ಕ್ಲೀನರ್, ವಿನೆಗರ್, ಅಮೋನಿಯಾ ಯಾವುದನ್ನೂ ಸೇರಿಸಬೇಡಿ. ಹೊರಡುವ ವಿಷಗಾಳಿ ಮುಚ್ಚಿದ ಬಚ್ಚಲಿನಲ್ಲಿ ಪ್ರಾಣಕ್ಕೇ ಸಂಚಕಾರ.

ಸಣ್ಣ ಬಿರುಕು ಮತ್ತು ಮೊಳೆ ತೂತು ತುಂಬುವ ಕ್ರಮ ಹೀಗಿದೆ:

1. ಪುಟ್ಟಿ ಕತ್ತಿಯ ಮೂಲೆಯಿಂದ ಬಿರುಕನ್ನು 4–5 ಮಿಲಿಮೀಟರ್ ಅಗಲಕ್ಕೆ ಇಂಗ್ಲಿಷಿನ ವಿ ಅಕ್ಷರದ ಆಕಾರದಲ್ಲಿ ತೆರೆಯಿರಿ. ಇದ್ದದ್ದನ್ನು ಇನ್ನೂ ದೊಡ್ಡದು ಮಾಡುವುದು ತಪ್ಪೆನಿಸಬಹುದು, ಆದರೆ ಕೂದಲೆಳೆಯ ಸಂದಿಗೆ ಪುಟ್ಟಿ ಇಳಿಯುವುದೇ ಇಲ್ಲ, ಮೇಲೆ ಬರೀ ತೆಳು ಪೊರೆಯಾಗಿ ನಿಲ್ಲುತ್ತದೆ.
2. ಧೂಳನ್ನು ಬ್ರಷ್‌ನಿಂದ ಪೂರ್ತಿ ತೆಗೆಯಿರಿ. ತುಂಬಿದ್ದು ಉದುರಲು ಹೆಚ್ಚಿನ ಸಲ ಈ ಧೂಳೇ ಕಾರಣ.
3. ಬಿರುಕಿಗೆ ಅಕ್ರಿಲಿಕ್ ಕ್ರ್ಯಾಕ್ ಫಿಲ್ಲರ್ ಒತ್ತಿ ತುಂಬಿ. 5 ಮಿಲಿಮೀಟರಿಗಿಂತ ಆಳವಿದ್ದರೆ ಎರಡು ಮೂರು ಸಲ, ಪ್ರತಿ ಪದರ ಒಣಗಿದ ಮೇಲೆ. ಒಂದೇ ಸಲ ತುಂಬಿದರೆ ಒಣಗುವಾಗ ನಡುವೆ ತಗ್ಗಾಗಿ ಬಿರಿಯುತ್ತದೆ.
4. ಕಂಬ ಮತ್ತು ಗೋಡೆಯ ಸಂದಾದರೆ ತುಂಬಿದ ಮೇಲೆ 10 ಸೆಂಟಿಮೀಟರ್ ಅಗಲದ ಜಾಲರಿ ಪಟ್ಟಿಯನ್ನು, ಬಿರುಕು ಅದರ ನಡುವೆ ಬರುವಂತೆ ಅಂಟಿಸಿ.
5. ಮೇಲೆ ಪುಟ್ಟಿ ಎಳೆಯಿರಿ. ಬಿಳಿ ಸಿಮೆಂಟಿನ ಪುಟ್ಟಿಯಾದರೆ 1 ಕಿಲೋ ಪುಡಿಗೆ ಸುಮಾರು 350–400 ಮಿಲಿಲೀಟರ್ ನೀರು. ಪೊಟ್ಟಣದ ಮೇಲೆ ಬೇರೆ ಅಳತೆ ಇದ್ದರೆ ಅದೇ ಸರಿ. ಗಂಟಿಲ್ಲದಂತೆ ಕಲಸಿ, ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಕಲಸಿ. ಎರಡು ಗಂಟೆಯಲ್ಲಿ ಮುಗಿಯುವಷ್ಟೇ ಕಲಸಿಕೊಳ್ಳಿ. ಗಟ್ಟಿಯಾಗತೊಡಗಿದ್ದಕ್ಕೆ ಮತ್ತೆ ನೀರು ಬೆರೆಸಿದರೆ ಅದಕ್ಕೆ ಬಲವೇ ಇರುವುದಿಲ್ಲ.
6. ಎರಡು ಪದರ ಸೇರಿ ಒಂದೂವರೆ ಮಿಲಿಮೀಟರ್ ದಾಟಬಾರದು. ತೇಪೆಯ ಅಂಚನ್ನು ಸುತ್ತಲಿನ ಗೋಡೆಯ ಮೇಲೆ ಒಂದು ಗೇಣಿನಷ್ಟು ತೆಳುವಾಗಿ ಹರಡಿ.
7. ಒಣಗಿದ ಮೇಲೆ 180 ಅಥವಾ 220 ನಂಬರಿನ ಉಪ್ಪುಕಾಗದವನ್ನು ಚಪ್ಪಟೆ ಮರದ ತುಂಡಿಗೆ ಸುತ್ತಿ ಉಜ್ಜಿ. ಬರೀ ಬೆರಳಿನಿಂದ ಉಜ್ಜಿದರೆ ಬೆರಳಿನ ಜಾಗವೆಲ್ಲ ತಗ್ಗಾಗುತ್ತದೆ. ಕೊನೆಗೆ ಮತ್ತೆ ಟಾರ್ಚ್ ಓರೆ ಹಿಡಿದು ನೋಡಿ.

ಗಾರೆಯೇ ಉದುರಿ ಇಟ್ಟಿಗೆ ಕಾಣುವಂತಿದ್ದರೆ ಪುಟ್ಟಿಯಿಂದ ತುಂಬಲು ಹೋಗಬೇಡಿ. ಸಡಿಲವಾದದ್ದನ್ನು ತಟ್ಟಿ ಬೀಳಿಸಿ, ಇಟ್ಟಿಗೆಗೆ ನೀರು ಚಿಮುಕಿಸಿ, 1 ಪಾಲು ಸಿಮೆಂಟಿಗೆ 4 ಪಾಲು ಜರಡಿ ಹಿಡಿದ ಮರಳು ಬೆರೆಸಿದ ಗಾರೆ ಹಾಕಿ, ಒಂದು ವಾರ ದಿನಕ್ಕೆರಡು ಸಲ ನೀರುಣಿಸಿ. ಹೊಸ ಸಿಮೆಂಟ್ ಗಾರೆಗೆ ಬಣ್ಣ ತಾಗಿಸುವ ಮುನ್ನ ಸುಮಾರು 28 ದಿನ ಬಿಡಬೇಕು. ಅದರಲ್ಲಿನ ಕ್ಷಾರ ಅಷ್ಟರಲ್ಲಿ ಇಳಿಯದಿದ್ದರೆ ಬಣ್ಣ ಬಿಳಿಚಿಕೊಂಡು ಮಚ್ಚೆಮಚ್ಚೆಯಾಗುತ್ತದೆ. ಗಾರೆ ಕೆಲಸವನ್ನು ಮೊದಲ ವಾರದಲ್ಲೇ ಮುಗಿಸಿ ಅನ್ನುವುದು ಇದಕ್ಕೇ.

ಹಳೆಯ ಮನೆಗಳ ಎಣ್ಣೆ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇದೆ. ಅದನ್ನು ಒಣದಾಗಿ ಉಜ್ಜಬೇಡಿ, ಸುಡಬೇಡಿ. ನೀರು ಚಿಮುಕಿಸಿ ಒದ್ದೆಯಾಗಿ ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಮಕ್ಕಳು, ಬಸುರಿಯರು ಆ ಕೆಲಸದ ಹತ್ತಿರ ಇರಬಾರದು.

ಟೈಲ್ಸ್ ಸಂದು

ಬಚ್ಚಲಿನಲ್ಲಿ ಟೈಲ್ಸ್ ಬದಲಿಸದೆ ಹೊಸದರಂತೆ ಕಾಣಿಸುವ ಕೆಲಸವೊಂದಿದ್ದರೆ ಅದು ಗ್ರೌಟ್, ಅಂದರೆ ಟೈಲ್ಸ್ ಸಂದಿಗೆ ತುಂಬುವ ಮಸಾಲೆ, ಹೊಸದಾಗಿ ತುಂಬುವುದು. ಹಳೆಯದರ ಮೇಲೆಯೇ ತೆಳುವಾಗಿ ಬಳಿದರೆ ತಿಂಗಳೊಳಗೆ ಚಕ್ಕೆ ಏಳುತ್ತದೆ. ಗ್ರೌಟ್ ಕೆರೆಯುವ ಸಾಧನದಿಂದ ಹಳೆಯದನ್ನು ಕನಿಷ್ಠ 2–3 ಮಿಲಿಮೀಟರ್ ಆಳಕ್ಕೆ ತೆಗೆದು, ಧೂಳು ಹೀರಿಸಿ, ಸಂದನ್ನು ಸ್ವಲ್ಪ ಒದ್ದೆ ಮಾಡಿ. ನೀರು ನಿಲ್ಲಬಾರದು. 3 ಮಿಲಿಮೀಟರಿಗಿಂತ ಕಿರಿದಾದ ಸಂದಿಗೆ ಮರಳಿಲ್ಲದ ಗ್ರೌಟ್, ಅಗಲದ್ದಕ್ಕೆ ಮರಳಿರುವುದು. ಹಲ್ಲುಜ್ಜುವ ಪೇಸ್ಟಿನಷ್ಟು ಗಟ್ಟಿಯಾಗಿ ಕಲಸಿ, ರಬ್ಬರ್ ಫ್ಲೋಟನ್ನು (ತಳಕ್ಕೆ ರಬ್ಬರ್ ಇರುವ ಹಿಡಿ ಹಲಗೆ) ಸಂದಿಗೆ ಓರೆಯಾಗಿ ಎಳೆದು ಒತ್ತಿ ತುಂಬಿ. ನೇರ ಎಳೆದರೆ ಫ್ಲೋಟಿನ ಅಂಚು ಸಂದಿನೊಳಕ್ಕಿಳಿದು ತುಂಬಿದ್ದನ್ನೇ ಕಿತ್ತು ತರುತ್ತದೆ. 15–20 ನಿಮಿಷದ ಮೇಲೆ ಚೆನ್ನಾಗಿ ಹಿಂಡಿದ ಸ್ಪಂಜಿನಿಂದ ಒರೆಸಿ. ಸ್ಪಂಜಿನಲ್ಲಿ ನೀರು ಹೆಚ್ಚಾದರೆ ಗ್ರೌಟಿನ ಬಣ್ಣ ತೊಳೆದುಹೋಗಿ ಒಂದು ಕಡೆ ಗಾಢ, ಒಂದು ಕಡೆ ತೆಳು ಆಗುತ್ತದೆ. ಒಂದು ದಿನ ಆ ಬಚ್ಚಲು ಬಳಸಬೇಡಿ.

ಟೈಲ್ಸ್‌ ಅನ್ನು ನಾಣ್ಯದಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಅಡಿಯಲ್ಲಿ ಹಿಡಿತ ತಪ್ಪಿದೆ. ಅಲ್ಲಾಡದೆ ಇದ್ದರೆ ಬಿಟ್ಟುಬಿಡಿ. ಕೀಳಲು ಹೋದರೆ ಪಕ್ಕದ ಎರಡು ಒಡೆಯುತ್ತವೆ, ಅದೇ ಬಣ್ಣದ ಹೊಸದು ಸಿಗುವುದು ಅಪರೂಪ.

ಗಡಸು ನೀರಿನ ಬಿಳಿ ಕಲೆಗೆ ಅರ್ಧ ಲೀಟರ್ ಬಿಸಿನೀರಿನಲ್ಲಿ ಎರಡು ಚಮಚ ಸಿಟ್ರಿಕ್ ಆಸಿಡ್ ಕರಗಿಸಿ ಒರೆಸಿದರೆ ಸಾಕು. ಪ್ರಖರ ಆಸಿಡ್ ಸುರಿದರೆ ಕಲೆಯ ಜೊತೆ ಸಿಮೆಂಟ್ ಗ್ರೌಟೂ ಕರಗುತ್ತದೆ, ನಲ್ಲಿಗಳ ಹೊಳಪೂ ಹೋಗುತ್ತದೆ. ಅಮೃತಶಿಲೆಯ ಮೇಲೆ ನಿಂಬೆರಸ, ವಿನೆಗರ್ ಕೂಡ ಬೇಡ; ಬಿದ್ದಲ್ಲೆಲ್ಲ ಹೊಳಪು ಸತ್ತ ಗುರುತು ಉಳಿಯುತ್ತದೆ.

ಬಾಗಿಲು, ಕಿಟಕಿ, ಕಪಾಟು

ಬಾಗಿಲು ಹೊಸ್ತಿಲಿಗೆ ಉಜ್ಜಿದರೆ ತಕ್ಷಣ ಕೀಸುಳಿ ಹಿಡಿಯುವವರೇ ಹೆಚ್ಚು. ಮೊದಲು ಮೇಲಿನ ಕೀಲು ನೋಡಿ. ಬಾಗಿಲಿನ ಭಾರವೆಲ್ಲ ಎಳೆಯುವುದು ಅದರ ಸ್ಕ್ರೂಗಳನ್ನು. ಅವು ಸಡಿಲವಾದರೆ ಬಾಗಿಲು ಹಿಡಿಕೆಯ ಕಡೆ ಜೋಲುತ್ತದೆ. ಸ್ಕ್ರೂ ತಿರುಗುತ್ತಲೇ ಇದ್ದು ಬಿಗಿಯಾಗದಿದ್ದರೆ ತೂತು ದೊಡ್ಡದಾಗಿದೆ. ಸ್ಕ್ರೂ ಬಿಚ್ಚಿ, ಮರದ ಅಂಟು ಸವರಿದ ಸಣ್ಣ ಮರದ ಕಡ್ಡಿಗಳನ್ನು ತೂತಿಗೆ ಬಿಗಿಯಾಗಿ ತುಂಬಿ, ಒಂದು ದಿನ ಒಣಗಿಸಿ, ಚೌಕಟ್ಟಿನ ಮೈಗೆ ಸಮನಾಗಿ ಕತ್ತರಿಸಿ, ಮತ್ತೆ ಸ್ಕ್ರೂ ಹಾಕಿ. ಬಾಗಿಲಿನ ಅಡಿಗೆ ತಾತ್ಕಾಲಿಕವಾಗಿ ಒಂದು ಬೆಣೆ ಕೊಟ್ಟು ಭಾರ ಎತ್ತಿಕೊಂಡು ಬಿಗಿದರೆ ಜೋಲು ಪೂರ್ತಿ ಹೋಗುತ್ತದೆ.

ಕೀಲು ಸರಿಯಿದ್ದೂ ಹಿಡಿಯುತ್ತಿದ್ದರೆ ಚೌಕಟ್ಟಿನ ಒಳಅಂಚಿಗೆ ಸೀಮೆಸುಣ್ಣ ಉಜ್ಜಿ ಬಾಗಿಲು ಹಾಕಿ ತೆಗೆಯಿರಿ. ಸುಣ್ಣ ಅಂಟಿದಲ್ಲಿ ಮಾತ್ರ ಉಪ್ಪುಕಾಗದದಿಂದ ಉಜ್ಜಿ. ಮಳೆಗಾಲದಲ್ಲಿ ಮರ ತೇವ ಹೀರಿ ಉಬ್ಬಿರುತ್ತದೆ; ಆಗ ಕೀಸಿದರೆ ಬೇಸಿಗೆಯಲ್ಲಿ ಬೆರಳು ತೂರುವಷ್ಟು ಸಂದು ಬಿಡುತ್ತದೆ. ಉಜ್ಜಿದ ಅಂಚಿಗೆ ವಾರ್ನಿಷ್ ಅಥವಾ ಬಣ್ಣ ಬಳಿಯುವುದನ್ನು ಮರೆಯಬೇಡಿ, ಬರಿಮರ ಇನ್ನಷ್ಟು ತೇವ ಕುಡಿಯುತ್ತದೆ.

ಕಿರುಗುಟ್ಟುವ ಕೀಲಿನ ಕಡ್ಡಿ ಹೊರತೆಗೆದು ಒರೆಸಿ, ಪೆಟ್ರೋಲಿಯಂ ಜೆಲ್ಲಿ ಸವರಿ ಹಾಕಿ. ಬೀಗದೊಳಕ್ಕೆ ಮಾತ್ರ ಎಣ್ಣೆ ಬಿಡಬೇಡಿ. ಎಣ್ಣೆಗೆ ಧೂಳು ಅಂಟಿ ಆರು ತಿಂಗಳಲ್ಲಿ ಬೀಗ ಕಟ್ಟಿಕೊಳ್ಳುತ್ತದೆ. ಅಲ್ಲಿಗೆ ಗ್ರಾಫೈಟ್ ಪುಡಿ. ಅದು ಸಿಗದಿದ್ದರೆ ಮೆತ್ತನೆಯ ಪೆನ್ಸಿಲಿನ ಸೀಸವನ್ನು ಕೀಲಿಕೈಗೆ ದಟ್ಟವಾಗಿ ಉಜ್ಜಿ ಹತ್ತಾರು ಸಲ ಹಾಕಿ ತೆಗೆಯಿರಿ.

ಮುಂಬಾಗಿಲಿಗೆ ಉಳಿದೆಲ್ಲ ಬಾಗಿಲಿಗಿಂತ ಹೆಚ್ಚು ಹೊತ್ತು ಕೊಡಿ. ಬೀಗ ತೆಗೆಯುವ ತನಕ ಬಂದವರು ಅದರ ಮುಂದೆ ಸುಮ್ಮನೆ ನಿಂತಿರುತ್ತಾರೆ, ನೋಡಲು ಬೇರೇನೂ ಇರುವುದಿಲ್ಲ. ಪಾಲಿಶ್ ಮಂಕಾಗಿದ್ದರೆ 220, ಆಮೇಲೆ 320 ನಂಬರಿನ ಉಪ್ಪುಕಾಗದದಿಂದ ಮರದ ಎಳೆಯ ಉದ್ದಕ್ಕೇ ಉಜ್ಜಿ, ಧೂಳು ಒರೆಸಿ, ತೆಳುವಾಗಿ ಎರಡು ಸಲ ಪಾಲಿಶ್ ಕೊಡಿ. ಎಳೆಗೆ ಅಡ್ಡ ಉಜ್ಜಿದ ಗೀರುಗಳು ಪಾಲಿಶ್ ಬಿದ್ದ ಮೇಲೆ ಇನ್ನೂ ಎದ್ದು ಕಾಣುತ್ತವೆ.

ಜಾರುವ ಕಿಟಕಿ ಬಿಗಿಯಾಗಿದ್ದರೆ ಹಳಿಯ ಮಣ್ಣು ಕೆರೆದು ತೆಗೆದು, ಹಳಿಯ ಹೊರಬದಿಯ ಸಣ್ಣ ನೀರಿನ ತೂತುಗಳನ್ನು ತಂತಿಯಿಂದ ಬಿಡಿಸಿ. ಆ ತೂತು ಕಟ್ಟಿದರೆ ಮಳೆನೀರು ಒಳಗೋಡೆಗೆ ಇಳಿಯುತ್ತದೆ. ಅಡುಗೆಮನೆಯ ಕಪಾಟಿನ ಬಾಗಿಲುಗಳು ಏರುಪೇರಾಗಿದ್ದರೆ ಒಳಗಿನ ಕೀಲಿನಲ್ಲೇ ಸರಿಪಡಿಸುವ ಸ್ಕ್ರೂಗಳಿರುತ್ತವೆ: ಒಂದು ಎಡಬಲಕ್ಕೆ, ಒಂದು ಒಳಹೊರಕ್ಕೆ, ತಟ್ಟೆಯ ಮೇಲಿನವು ಮೇಲೆ ಕೆಳಕ್ಕೆ. ಅರ್ಧ ಸುತ್ತು ತಿರುಗಿಸಿ, ಬಾಗಿಲು ಮುಚ್ಚಿ ನೋಡಿ, ಮತ್ತೆ ತಿರುಗಿಸಿ. ಹಿಡಿಕೆಗಳಲ್ಲಿ ಒಂದು ಮುರಿದಿದ್ದು ಅದೇ ಮಾದರಿ ಸಿಗದಿದ್ದರೆ ಎಲ್ಲವನ್ನೂ ಬದಲಿಸಿ, ಆದರೆ ಸ್ಕ್ರೂ ತೂತುಗಳ ನಡುವಿನ ಅಂತರ ಅಳೆದುಕೊಂಡೇ ಕೊಳ್ಳಿ.

ಕಬ್ಬಿಣದ ಗೇಟು, ಕಿಟಕಿ ಸರಳುಗಳ ತುಕ್ಕನ್ನು ತಂತಿ ಬ್ರಷ್, ಆಮೇಲೆ 80–120 ನಂಬರಿನ ಉಪ್ಪುಕಾಗದದಿಂದ ಲೋಹ ಕಾಣುವಂತೆ ತೆಗೆದು, ಅದೇ ದಿನ ರೆಡ್ ಆಕ್ಸೈಡ್ ಪ್ರೈಮರ್ (ಬಣ್ಣದ ಅಡಿಗೆ ಬಳಿಯುವ ಮೊದಲ ಪದರ) ಹಚ್ಚಿ. ಬರಿಲೋಹ ಒಂದು ರಾತ್ರಿ ಬಿಟ್ಟರೆ ಮತ್ತೆ ತುಕ್ಕಿನ ಪುಡಿ ಹಿಡಿಯುತ್ತದೆ. ಮೇಲೆ ಎರಡು ತೆಳು ಕೋಟ್ ಎನಾಮಲ್. ದಪ್ಪನೆಯ ಒಂದೇ ಕೋಟ್ ಇಳಿಬಿದ್ದು ಕಣ್ಣೀರಿನ ಗೆರೆಯಾಗುತ್ತದೆ.

ಗೋಡೆಯ ಬಣ್ಣ

ಮೊದಲು ಹಳೆಯ ಬಣ್ಣದ ಗುಣ ತಿಳಿಯಿರಿ. ಅಂಗೈಯಿಂದ ಉಜ್ಜಿದಾಗ ಬಿಳಿ ಪುಡಿ ಅಂಟಿದರೆ ಅದು ಸುಣ್ಣ ಅಥವಾ ಡಿಸ್ಟೆಂಪರ್. ಅದರ ಮೇಲೆ ನೇರ ಎಮಲ್ಶನ್, ಅಂದರೆ ನೀರಿನಲ್ಲಿ ಬೆರೆಯುವ ಗೋಡೆ ಬಣ್ಣ, ಹೊಡೆದರೆ ಹಾಳೆಹಾಳೆಯಾಗಿ ಏಳುತ್ತದೆ. ಕೆರೆದು, ಒದ್ದೆ ಬಟ್ಟೆಯಿಂದ ಒರೆಸಿ, ಪ್ರೈಮರ್ ಕೊಡಿ. ಹೊಳೆಯುವ ಎಣ್ಣೆ ಬಣ್ಣವಾದರೆ ಹೊಳಪು ಸಾಯುವವರೆಗೆ 180 ನಂಬರಿನಿಂದ ಒದ್ದೆಯಾಗಿ ಉಜ್ಜಿ, ಒಣಗಿಸಿ ಪ್ರೈಮರ್ ಹಾಕಿ. ಎಮಲ್ಶನ್ ಮೇಲೆಯೇ ಎಮಲ್ಶನ್ ಆದರೆ ಬ್ಲೇಡಿನಿಂದ ಗುಣಿಸು ಚಿಹ್ನೆ ಕೊಯ್ದು, ಟೇಪ್ ಒತ್ತಿ ಅಂಟಿಸಿ ಸರಕ್ಕನೆ ಕೀಳಿ. ಟೇಪಿನ ಜೊತೆ ಬಣ್ಣ ಬಂದರೆ ಅಲ್ಲೆಲ್ಲ ಕೆರೆಯಲೇಬೇಕು.

ಎಷ್ಟು ಬಣ್ಣ ಬೇಕು? ನಯವಾದ ಗೋಡೆಗೆ 1 ಲೀಟರ್ ಎಮಲ್ಶನ್ ಒಂದು ಕೋಟ್‌ಗೆ ಸುಮಾರು 10–12 ಚದರ ಮೀಟರ್ ಬರುತ್ತದೆ. 4 ಮೀಟರ್ ಉದ್ದ, 3.5 ಮೀಟರ್ ಅಗಲ, 3 ಮೀಟರ್ ಎತ್ತರದ ಕೋಣೆಯ ಸುತ್ತಳತೆ 15 ಮೀಟರ್, ಗೋಡೆ 45 ಚದರ ಮೀಟರ್. ಬಾಗಿಲು ಕಿಟಕಿಗೆ 3.5 ಕಳೆದರೆ 41.5. ಎರಡು ಕೋಟ್‌ಗೆ 83 ಚದರ ಮೀಟರ್, ಅಂದರೆ ಸುಮಾರು ಏಳರಿಂದ ಎಂಟೂಕಾಲು ಲೀಟರ್. ಒಂದೇ ಗೋಡೆಗೆ ಬೇರೆ ಬೇರೆ ಡಬ್ಬಿ ಬಳಸುವುದಾದರೆ ಮೊದಲೇ ದೊಡ್ಡ ಬಕೆಟ್ಟಿನಲ್ಲಿ ಬೆರೆಸಿಕೊಳ್ಳಿ, ಒಂದೇ ನಂಬರಿನ ಬಣ್ಣದಲ್ಲೂ ಡಬ್ಬಿಯಿಂದ ಡಬ್ಬಿಗೆ ಎಳೆಯಷ್ಟು ವ್ಯತ್ಯಾಸ ಇರುತ್ತದೆ.

ಆಯ್ಕೆಯಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಸೂರಿಗೆ ಮ್ಯಾಟ್ ಬಿಳಿ, ಗೋಡೆಗಳಿಗೆ ಎಲ್ಲ ಕೋಣೆಗೂ ಒಂದೇ ತಿಳಿ ಬಣ್ಣ, ಅಡುಗೆಮನೆಗೆ ತೊಳೆಯಲು ಬರುವಂಥದ್ದು. ಒಂದೇ ಬಣ್ಣ ಕೋಣೆಯಿಂದ ಕೋಣೆಗೆ ಹರಿದರೆ ಮನೆ ಅಗಲವಾಗಿ ತೋರುತ್ತದೆ. ಗೋಡೆ ಸಮವಾಗಿಲ್ಲದಿದ್ದರೆ ಹೊಳಪಿನ ಬಣ್ಣ ಬೇಡವೇ ಬೇಡ, ಪ್ರತಿ ಉಬ್ಬನ್ನೂ ಅದು ಎತ್ತಿ ತೋರಿಸುತ್ತದೆ.

ಪುಟ್ಟಿ ಹಾಕಿದ ಜಾಗಕ್ಕೆಲ್ಲ ಪ್ರೈಮರ್ ಕೊಡದಿದ್ದರೆ ಅಲ್ಲಿ ಬಣ್ಣ ಹೆಚ್ಚು ಹೀರಿ, ಮೂರು ಕೋಟ್ ಆದ ಮೇಲೂ ಮಂಕು ಮಚ್ಚೆಯಾಗಿ ಕಾಣುತ್ತದೆ. ಸೂರಿನ ಹಳೆಯ ನೀರಿನ ಕಲೆ, ಹೊಗೆ, ಎಣ್ಣೆ ಜಿಡ್ಡುಗಳು ನೀರಿನ ಬಣ್ಣವನ್ನು ತೂರಿ ಮೇಲೆ ಬರುತ್ತವೆ. ಜಿಡ್ಡನ್ನು ಸೋಪಿನ ನೀರಿನಿಂದ ತೊಳೆದು, ಕಲೆಯ ಮೇಲೆ ಕಲೆ ತಡೆಯುವ ಎಣ್ಣೆ ಆಧಾರದ ಪ್ರೈಮರ್ ಒಂದು ಕೋಟ್ ಹಚ್ಚಿ, ಆಮೇಲೆ ಎಮಲ್ಶನ್.

ಹೊಡೆಯುವಾಗ ಸೂರು ಮೊದಲು, ಗೋಡೆ ನಂತರ. 2 ಇಂಚಿನ ಬ್ರಷ್‌ನಿಂದ ಮೂಲೆ, ಅಂಚುಗಳಲ್ಲಿ 5–6 ಸೆಂಟಿಮೀಟರ್ ಪಟ್ಟಿ ಎಳೆದು, ಅದು ಒಣಗುವ ಮೊದಲೇ ರೋಲರನ್ನು ಅದರ ಮೇಲೆ ಹಾಯಿಸಿ. ಒಣಗಿದ ಅಂಚಿನ ಮೇಲೆ ರೋಲರ್ ಹತ್ತಿದರೆ ಎರಡು ಪದರದ ಗೆರೆ ಕಾಯಂ. ಹಾಗಾಗಿ ಗೋಡೆಯ ನಡುವೆ ಕೆಲಸ ನಿಲ್ಲಿಸಬೇಡಿ, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಮುಗಿಸಿಯೇ ಏಳಿ. ಒಂದು ಕೋಟ್‌ನಿಂದ ಇನ್ನೊಂದು ಕೋಟ್‌ಗೆ ನಾಲ್ಕು ಗಂಟೆ ಬಿಡಿ. ಮಾಸ್ಕಿಂಗ್ ಟೇಪನ್ನು ಕೊನೆಯ ಕೋಟ್ ಹಸಿಯಿರುವಾಗಲೇ ತೆಗೆಯಿರಿ. ಮರುದಿನ ತೆಗೆದರೆ ಬಣ್ಣದ ಪೊರೆಯೂ ಹರಿದು ಬರುತ್ತದೆ.

ಇಡೀ ಮನೆಗೆ ಬಣ್ಣ ಸಾಧ್ಯವಿಲ್ಲದಿದ್ದರೆ ಇಡೀ ಗೋಡೆಗಾದರೂ ಹೊಡೆಯಿರಿ. ನಡುವೆ ಒಂದು ಚೌಕ ತೇಪೆ ಹಾಕಿದರೆ ಬಂದವರು ಮೊದಲು ಕೈ ಇಡುವುದು ಅಲ್ಲಿಗೇ. ಬಣ್ಣದ ವಾಸನೆ ಇಳಿಯಲು ಮನೆ ತೋರಿಸುವ ಮುನ್ನ ಎರಡು ವಾರ ಕಿಟಕಿ ತೆರೆದಿಡಿ. ಹಸಿ ಬಣ್ಣದ ವಾಸನೆ ಮೂಗಿಗೆ ಬಡಿದರೆ ಏನು ಮುಚ್ಚಿದ್ದಾರೆ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ.

ಬಣ್ಣ ಮುಗಿದ ಮೇಲೆ

ಸಿಂಕ್, ವಾಶ್‌ಬೇಸಿನ್ ಅಂಚಿನ ಸಿಲಿಕೋನ್ ಈಗ ಹಾಕಿ. ಸಿಲಿಕೋನಿನ ಮೇಲೆ ಬಣ್ಣ ನಿಲ್ಲುವುದಿಲ್ಲವಾದ್ದರಿಂದ ಇದು ಬಣ್ಣಕ್ಕಿಂತ ಮೊದಲು ಆಗುವ ಕೆಲಸವಲ್ಲ. ಕಪ್ಪಾದ ಹಳೆಯದನ್ನು ಬ್ಲೇಡಿನಿಂದ ಒಂದು ಎಳೆಯೂ ಉಳಿಯದಂತೆ ತೆಗೆಯಿರಿ, ಹಳೆಯದಕ್ಕೆ ಹೊಸದು ಅಂಟುವುದಿಲ್ಲ. ಸ್ಪಿರಿಟ್‌ನಿಂದ ಒರೆಸಿ ಒಣಗಿಸಿ, ಸಂದಿನ ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಮೂತಿಯನ್ನು ಓರೆಯಾಗಿ 5 ಮಿಲಿಮೀಟರಿಗೆ ಕತ್ತರಿಸಿ ಒಂದೇ ಎಳೆತದಲ್ಲಿ ತುಂಬಿ. ಸೋಪಿನ ನೀರಿನಲ್ಲಿ ಅದ್ದಿದ ಬೆರಳಿನಿಂದ ಒಮ್ಮೆ ಸವರಿ, ತಕ್ಷಣ ಟೇಪ್ ತೆಗೆಯಿರಿ. ಮತ್ತೆ ಮತ್ತೆ ಸವರಿದರೆ ಅಂಚು ಕೆಡುತ್ತದೆ. 24 ಗಂಟೆ ನೀರು ತಾಗಬಾರದು. ಕಲ್ಲು, ಅಮೃತಶಿಲೆಯ ಪಕ್ಕದಲ್ಲಿ ಹುಳಿ ವಾಸನೆಯ ಸಿಲಿಕೋನ್ ಬೇಡ, ನ್ಯೂಟ್ರಲ್ ಎಂದು ಬರೆದದ್ದನ್ನೇ ಕೊಳ್ಳಿ.

ಹಳದಿಯಾದ, ಒಡೆದ ಸ್ವಿಚ್ ಪ್ಲೇಟುಗಳನ್ನು ಬದಲಿಸುವಾಗ ಮೇನ್ ಆರಿಸಿ, ಟೆಸ್ಟರಿನಿಂದ ಪರೀಕ್ಷಿಸಿಯೇ ಕೈ ಹಾಕಿ. ಪ್ಲೇಟಿಗಿಂತ ಒಳಗಿನ ಕೆಲಸ, ಬಿಸಿಯಾಗುವ ಸಾಕೆಟ್, ಕಿಡಿ, ಸುಟ್ಟ ಗುರುತು ಏನಿದ್ದರೂ ಎಲೆಕ್ಟ್ರಿಷಿಯನ್‌ಗೆ ಬಿಡಿ. ಬಲ್ಬುಗಳನ್ನು ಒಂದು ಕೋಣೆಗೆ ಒಂದೇ ಬಣ್ಣದ ಬೆಳಕಿನವನ್ನಾಗಿ ಮಾಡಿ. ಡಬ್ಬಿಯ ಮೇಲೆ 2700–3000 ಕೆಲ್ವಿನ್ ಎಂದಿದ್ದರೆ ಹಳದಿ ಛಾಯೆ, 4000 ನಡುವಿನದು, 6500 ನೀಲಿಬಿಳಿ. ಒಂದೇ ಕೋಣೆಯಲ್ಲಿ 3000ದ್ದೂ 6500ದ್ದೂ ಇದ್ದರೆ ಹೊಸದಾಗಿ ಬಳಿದ ಗೋಡೆಯೂ ಎರಡು ಬಣ್ಣವಾಗಿ ಕಾಣುತ್ತದೆ.

ಖಾಲಿ ಬಿಟ್ಟ ಮನೆಯ ಬಚ್ಚಲು ವಾಸನೆ ಹೊಡೆಯುವುದು ಕೊಳೆಯಿಂದಲೇ ಎಂದೇನಿಲ್ಲ. ನೆಲದ ಜಾಲರಿಯ ಕೆಳಗಿನ ಟ್ರ್ಯಾಪಿನಲ್ಲಿ ನಿಂತ ನೀರು ಚರಂಡಿಯ ಗಾಳಿಯನ್ನು ತಡೆಯುತ್ತದೆ. ಕೆಲವು ವಾರ ಬಳಸದಿದ್ದರೆ ಅದು ಆರಿಹೋಗಿ ಗಾಳಿಯೂ ಜಿರಲೆಯೂ ಮೇಲೆ ಬರುತ್ತವೆ. ಪ್ರತಿ ಜಾಲರಿಗೂ ಒಂದು ಚೊಂಬು ನೀರು ಸುರಿದು, ಮೇಲೆ ಒಂದು ಚಮಚ ಅಡುಗೆ ಎಣ್ಣೆ ಬಿಡಿ. ತೇಲುವ ಎಣ್ಣೆ ನೀರು ಆರುವುದನ್ನು ನಿಧಾನಿಸುತ್ತದೆ.

ಉಳಿದ ಬಣ್ಣವನ್ನು ಗಾಳಿಯಾಡದ ಡಬ್ಬಿಗೆ ಹಾಕಿ, ಮುಚ್ಚಳದ ಮೇಲೆ ಬಣ್ಣದ ನಂಬರ್, ಯಾವ ಕೋಣೆ, ಯಾವ ತಿಂಗಳು ಎಂದು ಬರೆದಿಡಿ. ಮಿಕ್ಕ ಟೈಲ್ಸ್, ಗ್ರೌಟಿನ ಪೊಟ್ಟಣ, ಪೈಪ್ ರಿಪೇರಿಯ ರಸೀದಿ, ರಿಪೇರಿಗೆ ಮುಂಚಿನ ಮತ್ತು ನಂತರದ ಫೋಟೋಗಳು ಇವೆಲ್ಲ ಒಂದೇ ಪೆಟ್ಟಿಗೆಯಲ್ಲಿರಲಿ. ಇಲ್ಲಿ ತೇವ ಇತ್ತೇ ಎಂದು ಯಾರಾದರೂ ಕೇಳಿದರೆ ಇತ್ತು, ಹೀಗೆ ಸರಿಮಾಡಿಸಿದ್ದೇವೆ ಎಂದು ಆ ಪೆಟ್ಟಿಗೆ ತೆರೆದು ತೋರಿಸಿ, ಮನೆಯ ಕೀಲಿಕೈ ಕೊಡುವ ದಿನ ಅದನ್ನೂ ಕೊಟ್ಟುಬಿಡಿ.